ಅನ್ಯಾಯ ಯಾವ ಕಾಗದದಲ್ಲಿದೆ? ಸಾಮಾಜಿಕ ನ್ಯಾಯಕ್ಕಾಗಿ ಉಚಿತವಾಗಿ ಕಾನೂನು ಸಂಶೋಧನೆ ಮಾಡುವ ವಕೀಲರಿಗೆ

‘ಸಾರ್, ಇದರ ಮೇಲೊಂದು ಪಿಐಎಲ್ ಹಾಕೋಣ.’ ಸಂಘಟನೆಯವರು ಕಚೇರಿಗೆ ಬಂದು ಕೂತ ಮೇಲೆ ಮೊದಲು ಆಡುವ ಮಾತು ಹೆಚ್ಚಾಗಿ ಇದೇ. ಪಿಐಎಲ್ ಅಂದರೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ. ಅವರ ಸಿಟ್ಟು ನಿಜ, ಅವರು ಕಂಡ ಅನ್ಯಾಯವೂ ನಿಜ. ಫೀಸಿಲ್ಲದೆ ಈ ಕೆಲಸಕ್ಕೆ ಇಳಿಯುವ ವಕೀಲರಿಗೆ ನಾನು ಹೇಳುವುದು ಇಷ್ಟು: ಆ ಕ್ಷಣದಲ್ಲಿ ಯಾವ ಕೋರ್ಟು ಎಂದು ಯೋಚಿಸಬೇಡಿ, ಈ ಅನ್ಯಾಯ ಯಾವ ಕಾಗದದಲ್ಲಿದೆ ಎಂದು ಕೇಳಿ.

ಸರ್ಕಾರದ ಕಡೆಯಿಂದ ಆಗುವ ಅನ್ಯಾಯಕ್ಕೆ ಒಂದು ಕಾಗದ ಇದ್ದೇ ಇರುತ್ತದೆ. ಅದು ಕಾಯ್ದೆಯ ಒಂದು ಕಲಂ ಆಗಿರಬಹುದು, ನಿಯಮಾವಳಿಯ ಒಂದು ಉಪನಿಯಮ, ಇಪ್ಪತ್ತು ವರ್ಷ ಹಿಂದಿನ ಸುತ್ತೋಲೆ, ರಿಜಿಸ್ಟರಿನ ಒಂದು ಕಾಲಂ ಆಗಿರಬಹುದು. ಕೆಲವೊಮ್ಮೆ ಬರೆಯಬೇಕಾಗಿದ್ದ ಕಾಗದವನ್ನು ಯಾರೂ ಬರೆಯದೇ ಬಿಟ್ಟದ್ದೇ ಅನ್ಯಾಯ. ಆ ಕಾಗದ ಕೈಗೆ ಸಿಗುವವರೆಗೆ ನೀವು ಎಷ್ಟು ತೀರ್ಪು ಓದಿದರೂ ಭಾಷಣ ಬರೆಯಬಹುದು, ಅರ್ಜಿ ಬರೆಯಲಾಗದು.

ಇದು ಪರೋಪಕಾರದ ಮಾತಷ್ಟೇ ಅಲ್ಲ, ನಮ್ಮ ವೃತ್ತಿಯ ಕರ್ತವ್ಯವೂ ಹೌದು. ಬಡವರಿಗೆ, ಶೋಷಿತರಿಗೆ ಉಚಿತವಾಗಿ ಕಾನೂನು ನೆರವು ಕೊಡುವುದು ಸಮಾಜಕ್ಕೆ ವಕೀಲ ಸಲ್ಲಿಸಬೇಕಾದ ಅತ್ಯುನ್ನತ ಕರ್ತವ್ಯಗಳಲ್ಲಿ ಒಂದು ಎಂದು ಭಾರತೀಯ ವಕೀಲರ ಪರಿಷತ್ತಿನ ವೃತ್ತಿ ನಿಯಮಗಳಲ್ಲಿ 46ನೆಯದು ಹೇಳುತ್ತದೆ. 1976ರ 42ನೇ ತಿದ್ದುಪಡಿ ಸಂವಿಧಾನಕ್ಕೆ ಸಮಾನ ನ್ಯಾಯ, ಉಚಿತ ಕಾನೂನು ನೆರವಿನ 39ಎ ವಿಧಿಯನ್ನು ಸೇರಿಸಿತು. ಅದರ ಬೆನ್ನಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಬಂದು, 1995ರ ನವೆಂಬರ್ 9ರಂದು ಜಾರಿಯಾಯಿತು. ಪ್ರಾಧಿಕಾರದ ಪ್ಯಾನೆಲ್ ವಕೀಲರು ಒಬ್ಬೊಬ್ಬರ ಕೇಸು ನಡೆಸುತ್ತಾರೆ. ಅದು ದೊಡ್ಡ ಕೆಲಸ. ನಾನಿಲ್ಲಿ ಹೇಳಹೊರಟಿರುವುದು ಅದಕ್ಕೆ ಪಕ್ಕದ ಕೆಲಸ: ನೂರು ಜನರ ಕೇಸು ಒಂದೇ ಕಾರಣಕ್ಕೆ ಬಿದ್ದುಹೋಗುತ್ತಿದ್ದರೆ ಆ ಕಾರಣವನ್ನೇ ಬೇರಿನಿಂದ ಕೀಳುವುದು. ಇದಕ್ಕೆ ಹೈಕೋರ್ಟಿನಲ್ಲಿ ನಿಂತು ವಾದಿಸುವ ಅನುಭವ ಬೇಕಿಲ್ಲ. ವಾರಕ್ಕೆ ಎರಡು ಗಂಟೆ ಕೊಡಬಲ್ಲ ತಾಲ್ಲೂಕು ಕೋರ್ಟಿನ ಜೂನಿಯರ್ ಕೂಡ ಮಾಡಬಹುದು. ನಿಜ ಹೇಳಬೇಕೆಂದರೆ ತಾಲ್ಲೂಕಿನಲ್ಲಿರುವವರೇ ಚೆನ್ನಾಗಿ ಮಾಡಬಲ್ಲರು, ಏಕೆಂದರೆ ಕಾಗದ ಇರುವುದು ಅಲ್ಲಿ.

ಕಾಗದದ ಏಣಿಯನ್ನು ಕೆಳಗಿನಿಂದ ಹತ್ತಿ

ಲಾ ಕಾಲೇಜಿನಲ್ಲಿ ನಮಗೆ ಏಣಿಯನ್ನು ಮೇಲಿನಿಂದ ತೋರಿಸಿದರು. ಸಂವಿಧಾನ, ಅದರ ಕೆಳಗೆ ಕಾಯ್ದೆ, ಆಮೇಲೆ ನಿಯಮ, ಅಧಿಸೂಚನೆ, ಸುತ್ತೋಲೆ, ಕೊನೆಗೆ ನಮೂನೆ ಮತ್ತು ರಿಜಿಸ್ಟರು. ಬಡವರ ಬದುಕಿಗೆ ಕಾನೂನು ತಾಗುವುದು ಮಾತ್ರ ಕೆಳಗಿನ ಮೆಟ್ಟಿಲಲ್ಲಿ. ಅವರ ಎದುರಿಗಿರುವುದು ಸಮಾನತೆಯ ಮಾತಾಡುವ 14ನೇ ವಿಧಿಯಲ್ಲ, ಗುಮಾಸ್ತ ಭರ್ತಿ ಮಾಡುವ ನಮೂನೆ. ಹಾಗಾಗಿ ಸಂಶೋಧನೆಯನ್ನು ಆ ನಮೂನೆಯಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು.

2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಈ ಕಣ್ಣಿನಿಂದ ಓದಿ ನೋಡಿ. ಜೈಲಿನಲ್ಲಿ ಯಾವ ಜಾತಿಯವರು ಅಡುಗೆ ಮಾಡಬೇಕು, ಯಾರು ಗುಡಿಸಬೇಕು, ಯಾರು ಶೌಚಾಲಯ ತೊಳೆಯಬೇಕು ಎಂಬ ತಾರತಮ್ಯ ದಶಕಗಳಿಂದ ಎಲ್ಲರಿಗೂ ಗೊತ್ತಿದ್ದ ಸಂಗತಿ. ‘ಗೊತ್ತಿದ್ದದ್ದು’ ಕೋರ್ಟಿಗೆ ಸಾಕಾಗುವುದಿಲ್ಲ. ಅರ್ಜಿದಾರರಾದ ಪತ್ರಕರ್ತೆ ರಾಜ್ಯ ರಾಜ್ಯಗಳ ಜೈಲು ಕೈಪಿಡಿಗಳನ್ನು ಮುಂದಿಟ್ಟರು. ತಾರತಮ್ಯ ಅಚ್ಚಾಗಿ ಕೂತಿತ್ತು, ನಿಯಮದ ಸಂಖ್ಯೆಯ ಸಮೇತ. ಆ ನಿಯಮಗಳು 14, 15, 17, 21 ಮತ್ತು 23ನೇ ವಿಧಿಗಳಿಗೆ ವಿರುದ್ಧವೆಂದು ಕೋರ್ಟು ರದ್ದುಪಡಿಸಿ, ಮೂರು ತಿಂಗಳೊಳಗೆ ಕೈಪಿಡಿಗಳನ್ನು ತಿದ್ದಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು. ಕೈದಿಗಳ ರಿಜಿಸ್ಟರಿನಲ್ಲಿರುವ ಜಾತಿಯ ಕಾಲಂ ತೆಗೆಯಬೇಕೆಂದೂ ಆದೇಶಿಸಿತು. ಒಂದು ಕಾಲಂ! ಸಂವಿಧಾನ ಪೀಠದವರೆಗೂ ಹೋಗಬಲ್ಲ ಪ್ರಶ್ನೆ ರಿಜಿಸ್ಟರಿನ ಒಂದು ಕಾಲಮ್ಮಿನಲ್ಲಿ ಅಡಗಿ ಕೂತಿರಬಹುದು.

ಎಲ್ಲ ಸಲವೂ ಅನ್ಯಾಯ ಇಷ್ಟು ಸ್ಪಷ್ಟವಾಗಿ ಬರೆದಿರುವುದಿಲ್ಲ. 1979ರಲ್ಲಿ ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ ಬಿಹಾರದ ವಿಚಾರಣಾಧೀನ ಕೈದಿಗಳ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಹುಸೈನಾರಾ ಖಾತೂನ್ ಎಂಬ ಹೆಸರಿನಲ್ಲಿ ನಾವೆಲ್ಲ ಓದಿರುವ ಪ್ರಕರಣ ಅದು. ಅಲ್ಲಿನ ಅನ್ಯಾಯ ಯಾವ ಕಲಮಿನಲ್ಲೂ ಇರಲಿಲ್ಲ. ವಿಚಾರಣೆ ಶುರುವಾಗದೆ, ಯಾರೂ ಏನೂ ಬರೆಯದೆ, ತಪ್ಪು ಸಾಬೀತಾಗಿದ್ದರೆ ಆಗಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ಜನ ಒಳಗೆ ಕೊಳೆಯುತ್ತಿದ್ದರು. ಆಗ ಕೋರ್ಟಿನ ಮುಂದೆ ಕೆಲಸ ಮಾಡಿದ್ದು ಒಂದು ಪಟ್ಟಿ: ಯಾರು, ಯಾವ ಆರೋಪ, ಯಾವ ದಿನದಿಂದ ಒಳಗಿದ್ದಾರೆ. ಕಾಗದ ಇಲ್ಲದ ಕಡೆ ನೀವೇ ಮಾಡಬೇಕಾದ ಕಾಗದ ಅಂಥದ್ದು.

ಪ್ರಶ್ನೆಯನ್ನು ಸಣ್ಣದಾಗಿ ಕತ್ತರಿಸಿ

‘ಜೈಲಿನಲ್ಲಿ ಬಡವರಿಗೆ ನ್ಯಾಯ ಸಿಗುತ್ತಿಲ್ಲ’ ಎನ್ನುವುದು ನೋವಿನ ಮಾತು, ಸಂಶೋಧನೆಯ ಪ್ರಶ್ನೆಯಲ್ಲ. ಅದನ್ನು ಕತ್ತರಿಸುವುದು ಹೇಗೆಂದು ತೋರಿಸುತ್ತೇನೆ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ, ಹಳೆಯ ದಂಡಪ್ರಕ್ರಿಯಾ ಸಂಹಿತೆಯ 436ಎ ಜಾಗಕ್ಕೆ ಬಂದದ್ದು. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದ ಆರೋಪಿಗಳು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಉಳಿದವರು ಅರ್ಧ ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸದು. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇರುವವರಿಗೂ ಅಡ್ಡಿಯಿದೆ. ಬಹಳ ಜನ ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಮುಂದಿನ ಮೂರನೇ ಉಪಕಲಂ ಓದಿ: ಆ ಅವಧಿ ಮುಗಿದ ಕೂಡಲೇ ಕೋರ್ಟಿಗೆ ಲಿಖಿತ ಅರ್ಜಿ ಸಲ್ಲಿಸಬೇಕಾದವರು ಜೈಲಿನ ಅಧೀಕ್ಷಕರು. ಕೈದಿ ಕೇಳಬೇಕಾಗಿಲ್ಲ, ಕೈದಿಗೆ ವಕೀಲನೂ ಬೇಕಾಗಿಲ್ಲ. ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಮೊದಲಿನ ಪ್ರಕರಣಗಳಿಗೂ ಈ ಲಾಭ ಸಲ್ಲುತ್ತದೆಂದು ಅದೇ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಈಗ ಪ್ರಶ್ನೆ ತಾನಾಗಿ ಸಣ್ಣದಾಯಿತು. ನಿಮ್ಮ ಜಿಲ್ಲೆಯ ಜೈಲಿನಲ್ಲಿ, 2024ರ ಜುಲೈ 1ರಿಂದ ಇವತ್ತಿನವರೆಗೆ, ಮೂರನೇ ಒಂದು ಭಾಗ ದಾಟಿದ, ಹಿಂದೆ ಶಿಕ್ಷೆಯಾಗದ ಆರೋಪಿಗಳು ಎಷ್ಟು? ಅಧೀಕ್ಷಕರು 479(3)ರಡಿ ಬರೆದ ಅರ್ಜಿಗಳು ಎಷ್ಟು? ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸವೇ ನಿಮ್ಮ ಸಂಶೋಧನೆ. ಅದನ್ನು ಅಲ್ಲಗಳೆಯುವುದು ಯಾವ ಸರ್ಕಾರಿ ವಕೀಲರಿಗೂ ಸುಲಭವಲ್ಲ, ಏಕೆಂದರೆ ಎರಡೂ ಅವರದೇ ಕಡತದ ಸಂಖ್ಯೆಗಳು.

ಒಳ್ಳೆಯ ಪ್ರಶ್ನೆಗೆ ನಾನು ಇಟ್ಟುಕೊಂಡಿರುವ ಒರೆಗಲ್ಲು ಇದು: ಅದರಲ್ಲಿ ಒಬ್ಬ ಅಧಿಕಾರಿಯ ಹುದ್ದೆ ಇರಬೇಕು, ಆ ಹುದ್ದೆಗೆ ಕಾನೂನು ವಹಿಸಿದ ಒಂದು ಕೆಲಸ ಇರಬೇಕು, ಒಂದು ಅವಧಿ ಇರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಇನ್ನೂ ಕತ್ತರಿಸಬೇಕೆಂದು ಅರ್ಥ.

ಮನೆಯ ಟ್ರಂಕಿನಿಂದ ರೆಕಾರ್ಡ್ ರೂಮಿಗೆ

ಕರ್ನಾಟಕದಲ್ಲಿ ಈ ಕೆಲಸ ಕಲಿಯಬೇಕೆನ್ನುವವರಿಗೆ ಪಿಟಿಸಿಎಲ್‌ಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ ಎಂದು ನನ್ನ ಅನಿಸಿಕೆ. ದಲಿತ, ಆದಿವಾಸಿ ಕುಟುಂಬಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಕೈತಪ್ಪಿ ಹೋಗದಿರಲೆಂದು 1978ರಲ್ಲಿ ಮಾಡಿದ ಕಾಯ್ದೆ ಅದು. 1979ರ ಜನವರಿ 1ರಿಂದ ಜಾರಿ. ಮಂಜೂರಾತಿಯ ಷರತ್ತು ಮೀರಿ ಆದ ಪರಭಾರೆಯನ್ನು, ಅಂದರೆ ಮಾರಾಟದಂಥ ಹಸ್ತಾಂತರವನ್ನು, 4ನೇ ಕಲಂ ಅಸಿಂಧುಗೊಳಿಸುತ್ತದೆ. 5ನೇ ಕಲಂ ಪ್ರಕಾರ ಉಪವಿಭಾಗಾಧಿಕಾರಿ, ಅಂದರೆ ಎಸಿ, ಜಮೀನು ಬಿಡಿಸಿ ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ವಾಪಸು ಕೊಡಬೇಕು. 1984ರ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯ ಸಿಂಧುತ್ವ ಎತ್ತಿಹಿಡಿಯಿತು.

ಕಾಯ್ದೆಯಲ್ಲಿ ಇಷ್ಟು ದಿನದೊಳಗೆ ಅರ್ಜಿ ಹಾಕಬೇಕೆಂಬ ಮಾತೇ ಇರಲಿಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣ ಬಂತು. ಅವಧಿ ಹೇಳದಿದ್ದರೂ ‘ಸಮಂಜಸ ಕಾಲ’ದಲ್ಲಿ ಅರ್ಜಿ ಹಾಕಬೇಕು, ಸುಮಾರು 25 ವರ್ಷ ಕಳೆದ ಮೇಲೆ ಹಾಕಿದ್ದು ನಿಲ್ಲದು ಎಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. ಅದಾದ ಮೇಲೆ ಎಸಿ ಕೋರ್ಟಿನಿಂದ ಹೈಕೋರ್ಟಿನವರೆಗೆ ಅರ್ಜಿಗಳು ಅದೇ ತೀರ್ಪಿನ ಹೆಸರಿನಲ್ಲಿ ಸಾಲುಸಾಲಾಗಿ ವಜಾ ಆದವು. ಈ ಪ್ರಸಂಗದಲ್ಲಿ ಅನ್ಯಾಯ ಕೂತ ಕಾಗದ ಒಂದು ತೀರ್ಪು. ಜಮೀನು ಕಳೆದುಕೊಂಡವರು ದೀರ್ಘ ಧರಣಿ ಕೂತರು, ಒತ್ತಾಯ ಬೆಳೆಯಿತು, 2023ರಲ್ಲಿ ವಿಧಾನಮಂಡಲ 5ನೇ ಕಲಮಿಗೆ ತಿದ್ದುಪಡಿ ತಂದು ಈ ಕಾಯ್ದೆಗೆ ಯಾವ ಕಾಲಮಿತಿಯೂ ಇಲ್ಲ, ಬಾಕಿ ಇರುವ ಪ್ರಕರಣಗಳಿಗೂ ಇದೇ ಅನ್ವಯ ಎಂದಿತು.

ಅಲ್ಲಿಗೆ ಕಥೆ ಮುಗಿಯಿತೆಂದು ನಾವು ಬಹಳ ಜನ ನಂಬಿದೆವು. ಮುಗಿಯಲಿಲ್ಲ. ಕಾಲಮಿತಿ ಬೇರೆ, ವಿಳಂಬ ಬೇರೆ: ಒಂದು ಕಾನೂನು ಬರೆದಿಟ್ಟ ಗಡುವು, ಇನ್ನೊಂದು ಗಡುವಿಲ್ಲದಿದ್ದರೂ ತೀರಾ ತಡವಾಗಿ ಬಂದದ್ದು. ತಿದ್ದುಪಡಿ ಮೊದಲನೆಯದನ್ನು ತೆಗೆದಿದೆ, ಎರಡನೆಯದನ್ನು ಮುಟ್ಟಿಲ್ಲ ಎಂಬ ವಾದ ಎದುರು ಪಕ್ಷದಿಂದ ಎದ್ದಿತು. ಹೈಕೋರ್ಟೂ ಆ ವ್ಯತ್ಯಾಸವನ್ನು ಒಪ್ಪಿ ಮಂಜೂರುದಾರರ ವಿರುದ್ಧ ತೀರ್ಪು ಕೊಟ್ಟದ್ದುಂಟು. ತಿದ್ದುಪಡಿಯ ಕರಡು ಬರೆಯುವ ಮೇಜಿನ ಸುತ್ತ ನೆಕ್ಕಂಟಿ ತೀರ್ಪನ್ನು ಸಾಲುಸಾಲಾಗಿ ಓದಿದ, ಅದು ನಿಂತಿರುವುದು ಕಾಲಮಿತಿ ಕಾಯ್ದೆಯ ಮೇಲಲ್ಲ, ಸಮಂಜಸ ಕಾಲ ಎಂಬ ತತ್ವದ ಮೇಲೆ ಎಂದು ಬೆರಳಿಟ್ಟು ತೋರಿಸುವ ಒಬ್ಬ ಸ್ವಯಂಸೇವಕ ವಕೀಲ ಇರಬೇಕಿತ್ತು ಅನ್ನಿಸುತ್ತದೆ. ಒಂದು ಪದ ಹೆಚ್ಚಿಗೆ ಬಿದ್ದಿದ್ದರೆ ಎಷ್ಟು ಎಕರೆ ಉಳಿಯುತ್ತಿತ್ತೋ. ಕಾನೂನು ಸಂಶೋಧನೆ ಯಾಕೆ ಬೇಕು ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದೇ.

ಇಂಥ ವಿಷಯ ಕೈಗೆತ್ತಿಕೊಂಡಾಗ ಕುಟುಂಬದವರ ಮನೆಗೆ ಹೋಗಿ, ಟ್ರಂಕು ತೆಗೆಸಿ. ಸಾಗುವಳಿ ಚೀಟಿ, ಮಂಜೂರಾತಿ ಆದೇಶ, ಹಳೆಯ ಕೈಬರಹದ ಪಹಣಿ, ಮ್ಯುಟೇಷನ್, ಕಂದಾಯ ಕಟ್ಟಿದ ರಸೀದಿ, ಅವರು ಹೆಬ್ಬೆಟ್ಟು ಒತ್ತಿದ ಕ್ರಯಪತ್ರದ ನಕಲು. ಇಲ್ಲದ್ದನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ದೃಢೀಕೃತ ನಕಲಾಗಿ ಪಡೆಯಬೇಕು. ಮಂಜೂರಾದ ವರ್ಷ ತಿಳಿದ ಮೇಲೆ ಆ ವರ್ಷದಲ್ಲಿ ಜಾರಿಯಲ್ಲಿದ್ದ ಮಂಜೂರಾತಿ ನಿಯಮ ಹುಡುಕಿ. ಪರಭಾರೆ ನಿಷೇಧದ ಅವಧಿ ಕಾಲಕಾಲಕ್ಕೆ ಬದಲಾಗಿದೆ. ಇವತ್ತಿನ ನಿಯಮ ಇಟ್ಟುಕೊಂಡು ಹಿಂದಿನ ಮಂಜೂರಾತಿ ಅಳೆದರೆ ಇಡೀ ಲೆಕ್ಕ ತಪ್ಪುತ್ತದೆ. ಟಿಪ್ಪಣಿ ಬರೆಯುವಾಗ ಕುಟುಂಬದವರು ಬಾಯಲ್ಲಿ ಹೇಳಿದ್ದನ್ನು, ಕಾಗದದಲ್ಲಿ ಕಂಡದ್ದನ್ನು ಬೇರೆ ಬೇರೆ ಪುಟದಲ್ಲಿ ಇಡಿ. ಎರಡೂ ಬೆರೆತುಹೋದರೆ ಆಮೇಲೆ ಬಿಡಿಸುವುದು ಕಷ್ಟ.

ಸ್ಥಳಕ್ಕೆ ಹೋಗುವುದಕ್ಕೆ ಕೋರ್ಟುಗಳ ಮಾನ್ಯತೆಯೂ ಇದೆ. ಜೀತದ ವಿರುದ್ಧದ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಬ್ಬರು ವಕೀಲರನ್ನೇ ಆಯುಕ್ತರನ್ನಾಗಿ ಫರೀದಾಬಾದಿನ ಕಲ್ಲುಗಣಿಗಳಿಗೆ ಕಳಿಸಿ, ಕಾರ್ಮಿಕರನ್ನು ಮಾತಾಡಿಸಿ ಬರಲು ಹೇಳಿತ್ತು.

ಪಠ್ಯ ಓದುವಾಗ

ಕೇಂದ್ರದ ಕಾಯ್ದೆಗಳಿಗೆ ಇಂಡಿಯಾ ಕೋಡ್, ರಾಜ್ಯದವಕ್ಕೆ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣ, ಅಧಿಸೂಚನೆಗೆ ರಾಜ್ಯಪತ್ರ. ಇವು ಉಚಿತ. ಬೇರೆ ಕಡೆ ಸಿಗುವ ಪಠ್ಯದಲ್ಲಿ ತಿದ್ದುಪಡಿ ಸೇರಿರುವುದೇ ಇಲ್ಲವೇ ಎಂದು ಹೇಳಲಾಗದು, ಹಾಗಾಗಿ ಮೂಲಕ್ಕೆ ಹೋಗಿ ಹೋಲಿಸಲೇಬೇಕು. ಕನ್ನಡ ಪಠ್ಯ, ಇಂಗ್ಲಿಷ್ ಪಠ್ಯ ಎರಡನ್ನೂ ಪಕ್ಕಪಕ್ಕ ಇಟ್ಟು ಓದುವ ಅಭ್ಯಾಸವನ್ನು ಬಲವಾಗಿ ಶಿಫಾರಸು ಮಾಡುತ್ತೇನೆ. ತಹಶೀಲ್ದಾರರ ಕಚೇರಿಯಲ್ಲಿ ಓದುವುದು ಕನ್ನಡ ಸುತ್ತೋಲೆ, ಹೈಕೋರ್ಟಿನಲ್ಲಿ ಓದುವುದು ಇಂಗ್ಲಿಷ್ ಪಠ್ಯ. ಎರಡರ ನಡುವೆ ಅರ್ಥ ಸ್ವಲ್ಪ ಸರಿದಿದ್ದರೂ ಅದು ಜನರ ಮೇಲೆ ಬೀಳುತ್ತದೆ, ಅಂಥ ವ್ಯತ್ಯಾಸ ಸಿಕ್ಕರೆ ಅದೇ ಒಂದು ಸಂಶೋಧನೆ.

ಪ್ರತಿ ಪಠ್ಯದ ಪಕ್ಕ ಎರಡು ದಿನಾಂಕ ಬರೆದಿಡಿ: ಅದು ಜಾರಿಗೆ ಬಂದ ದಿನ, ನೀವು ನೋಡಿದ ದಿನ. ಹೊಸ ಸಂಹಿತೆಗಳು ಬಂದ ಮೇಲಂತೂ ಹಳೆಯ ಕಲಂ, ಹೊಸ ಕಲಂ ಎರಡರ ಸಂಖ್ಯೆಯೂ ಬೇಕು.

ತೀರ್ಪು ಓದುವುದು, ಎದುರಿನ ತೀರ್ಪನ್ನು ಮೊದಲು

ಸುಪ್ರೀಂ ಕೋರ್ಟಿನ ಅಧಿಕೃತ ವರದಿಗಳು 2023ರಿಂದ ಇ-ಎಸ್‌ಸಿಆರ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತಿವೆ. ಇಂಡಿಯನ್ ಕಾನೂನ್ ಎಂಬ ಜಾಲತಾಣ ಹುಡುಕಾಟಕ್ಕೆ ಚೆನ್ನ. ದುಬಾರಿ ಚಂದಾ ಇಲ್ಲ ಎನ್ನುವುದು ಇನ್ನು ಮುಂದೆ ನೆಪವಾಗದು.

ನಿಮಗೆ ಅನುಕೂಲವಾದ ತೀರ್ಪುಗಳ ಪಟ್ಟಿ ಮಾಡುವ ಮೊದಲು ನಿಮ್ಮನ್ನು ಸೋಲಿಸಬಲ್ಲ ತೀರ್ಪುಗಳನ್ನು ಹುಡುಕಿ. ಸಾಮಾಜಿಕ ನ್ಯಾಯದ ಕೆಲಸದಲ್ಲಿ ನಮಗೆ ವಿಷಯದ ಮೇಲೆ ಪ್ರೀತಿ ಇರುತ್ತದೆ. ಆ ಪ್ರೀತಿ ಕಣ್ಣಿಗೆ ಅಡ್ಡ ಬರುತ್ತದೆ. ನಾನು ಹೊಸದಾಗಿ ಈ ಕೆಲಸಕ್ಕೆ ಬಂದಾಗ ತಯಾರಿಸಿದ ಒಂದು ಟಿಪ್ಪಣಿಯಲ್ಲಿ, ಆಧಾರವೆಂದು ಕೊಟ್ಟಿದ್ದ ತೀರ್ಪನ್ನು ದೊಡ್ಡ ಪೀಠ ಅದಾಗಲೇ ತಳ್ಳಿಹಾಕಿತ್ತು. ನನ್ನ ಸೀನಿಯರ್ ಅದನ್ನು ವಾದದ ಹಿಂದಿನ ರಾತ್ರಿ ಕಂಡುಹಿಡಿದರು. ಕಾಸು ತೆಗೆದುಕೊಳ್ಳದೆ ಮಾಡಿದ ಕೆಲಸ ಎಂಬುದು ಆ ಕಕ್ಷಿದಾರರಿಗೆ ಯಾವ ಸಮಾಧಾನವನ್ನೂ ಕೊಡುತ್ತಿರಲಿಲ್ಲ. ಅಂದಿನಿಂದ ಪ್ರತಿ ತೀರ್ಪಿನ ಎದುರು ಇಷ್ಟನ್ನು ಬರೆಯುತ್ತೇನೆ: ಪೀಠದಲ್ಲಿ ಎಷ್ಟು ನ್ಯಾಯಮೂರ್ತಿಗಳು, ಆಮೇಲೆ ಯಾವ ಪೀಠ ಇದನ್ನು ಅನುಸರಿಸಿದೆ ಅಥವಾ ಬೇರೆ ಎಂದಿದೆ, ನನಗೆ ಬೇಕಾದ ಸಾಲು ತೀರ್ಪಿನ ತಿರುಳೋ ಅಥವಾ ಮಾತಿನ ಓಘದಲ್ಲಿ ಬಂದ ಪ್ರಾಸಂಗಿಕ ಅಭಿಪ್ರಾಯವೋ, ಎಷ್ಟನೇ ಪ್ಯಾರಾ. ತೀರ್ಪಿನ ಮೇಲೆ ವರದಿಗಾರರು ಹಾಕಿದ ಸಾರಾಂಶದ ತಲೆಟಿಪ್ಪಣಿ ಓದಿ ಉಲ್ಲೇಖಿಸುವುದು ಬೇಡ.

ಕೃತಕ ಬುದ್ಧಿಮತ್ತೆಯ ಬಗ್ಗೆ ಒಂದು ಮಾತು. ಸಮಯ ಕಡಿಮೆ ಇರುವ ಸ್ವಯಂಸೇವಕರು ಚಾಟ್‌ಜಿಪಿಟಿಯಂಥವನ್ನು ಬಳಸುತ್ತಾರೆ. ಹುಡುಕಾಟದ ಪದ ಸೂಚಿಸಲು, ಉದ್ದದ ಕಡತದ ಮೊದಲ ಓದಿಗೆ ಅವು ನೆರವಾಗುತ್ತವೆ. ಆದರೆ 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ, ಮಾತಾ ವಿರುದ್ಧ ಏವಿಯಾಂಕಾ ಎಂಬ ಪ್ರಕರಣದಲ್ಲಿ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದಕ್ಕೆ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ಮೂಲ ತೀರ್ಪನ್ನು ತೆರೆದು ಓದದೆ ತೀರ್ಪಿನ ಒಂದು ಉಲ್ಲೇಖ (ಸೈಟೇಷನ್) ಕೂಡ ನಿಮ್ಮ ಟಿಪ್ಪಣಿಯಿಂದ ಹೊರಗೆ ಹೋಗಬಾರದು. ಕಕ್ಷಿದಾರರ ಹೆಸರು, ಊರು, ಕಡತವನ್ನು ಅಂಥ ತಾಣಕ್ಕೆ ಹಾಕಲೂಬಾರದು.

ಆರ್‌ಟಿಐ: ಸಂಖ್ಯೆ ಕೇಳಿ, ಹೆಸರು ಬೇಡ

ಮಾಹಿತಿ ಹಕ್ಕು ಕಾಯ್ದೆಯನ್ನು ವಕೀಲರಿಗಿಂತ ಹೋರಾಟಗಾರರೇ ಚೆನ್ನಾಗಿ ಬಳಸುತ್ತಾರೆ, ಅವರಿಂದ ಕಲಿಯಿರಿ. ವಕೀಲರು ಸೇರಿಸಬಹುದಾದದ್ದು ಪ್ರಶ್ನೆಯ ನಿಖರತೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ‘ಯಾಕೆ’ ಎಂದು ಕೇಳಬೇಡಿ. ಅಭಿಪ್ರಾಯ ಕೊಡುವ ಹೊಣೆ ನಮ್ಮದಲ್ಲ ಎಂದು ಹಿಂಬರಹ ಬರುತ್ತದೆ. ‘ಇಂಥ ದಿನದಿಂದ ಇಂಥ ದಿನದವರೆಗೆ 479(3)ರಡಿ ಸಲ್ಲಿಸಿದ ಅರ್ಜಿಗಳ ಸಂಖ್ಯೆ ಮತ್ತು ಸಂಬಂಧಿಸಿದ ವಹಿಯ ಪುಟಗಳ ನಕಲು’ ಎಂದು ಕೇಳಿ. ಕಡತ ಪರಿಶೀಲನೆಯ ಹಕ್ಕೂ ಕಾಯ್ದೆಯಲ್ಲೇ ಇದೆ. ಉತ್ತರಕ್ಕೆ 30 ದಿನ. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯದ ಮಾತಾದರೆ 48 ಗಂಟೆ. ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ.

ಕೈಪಿಡಿ, ಸುತ್ತೋಲೆ, ಆಂತರಿಕ ಸೂಚನೆಗಳಿಗೆ ಅರ್ಜಿಯೇ ಬೇಕಾಗಬಾರದು. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ತಮ್ಮ ಬಳಿ ಇರುವ ನಿಯಮ, ಸೂಚನೆ, ಕೈಪಿಡಿಗಳನ್ನು ಕಚೇರಿಗಳು ತಾವಾಗಿ ಪ್ರಕಟಿಸಬೇಕು. ಪ್ರಕಟಿಸಿಲ್ಲವೆಂದರೆ ಅದನ್ನೂ ಬರೆದಿಟ್ಟುಕೊಳ್ಳಿ. ಹಾಗೆಯೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ 8(1)(ಜೆ) ವಿನಾಯಿತಿಯನ್ನು ಹಿಗ್ಗಿಸುವ ತಿದ್ದುಪಡಿ ತಂದಿದೆ. ಹೆಸರು ಕೇಳಿದರೆ ಅದನ್ನೇ ಗುರಾಣಿ ಮಾಡಿಕೊಳ್ಳುತ್ತಾರೆ. ಸುಧಾರಣೆಗೆ ನಮಗೆ ಬೇಕಾದ್ದು ಹೆಚ್ಚಿನ ಸಲ ಸಂಖ್ಯೆ ಮಾತ್ರ.

ಟಿಪ್ಪಣಿಯನ್ನು ಇನ್ನೊಬ್ಬರು ಎತ್ತಿಕೊಳ್ಳುವಂತೆ ಬರೆಯಿರಿ

ಸ್ವಯಂಸೇವಕರು ಬರುತ್ತಾರೆ, ಹೋಗುತ್ತಾರೆ. ಮದುವೆ, ವರ್ಗಾವಣೆ, ಪರೀಕ್ಷೆ, ಕಚೇರಿಯ ಒತ್ತಡ. ಇದನ್ನು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ನೀವು ಬಿಟ್ಟುಹೋದ ಟಿಪ್ಪಣಿ ಮುಂದಿನವರಿಗೆ ಅರ್ಥವಾಗಬೇಕು. ಪ್ರಶ್ನೆ ಒಂದು ವಾಕ್ಯದಲ್ಲಿ, ಅದರ ಕೆಳಗೆ ಉತ್ತರ ನಾಲ್ಕು ವಾಕ್ಯದಲ್ಲಿ. ನಂತರ ಸಂಗತಿ, ಕಾನೂನು, ನಮ್ಮ ವಿರುದ್ಧ ಇರುವುದೇನು, ಇನ್ನೂ ಸಿಗದ ಕಾಗದ ಯಾವುದು, ಎಲ್ಲೆಲ್ಲಿ ಹುಡುಕಿ ಸಿಗಲಿಲ್ಲ. ಈ ಕೊನೆಯದನ್ನು ಯಾರೂ ಬರೆಯುವುದಿಲ್ಲ, ಮುಂದಿನವರು ಅದೇ ಕಚೇರಿಗೆ ಮತ್ತೆ ಮೂರು ಸಲ ಅಲೆಯುತ್ತಾರೆ.

ಸಂಘಟನೆಯವರಿಗಾಗಿ ಒಂದು ಪುಟದ ಕನ್ನಡ ಸಾರಾಂಶವನ್ನೂ ಮಾಡಿ, ಅವರ ಎದುರು ಕೂತು ಓದಿ ಹೇಳಿ. ತಪ್ಪುಗಳನ್ನು ಅವರು ಹಿಡಿಯುತ್ತಾರೆ: ‘ಅಲ್ಲ ಮೇಡಂ, ಆ ರಿಜಿಸ್ಟರು ಕಚೇರಿಯವರ ಹತ್ತಿರ ಇರಲ್ಲ, ಕೆಲಸ ಮಾಡಿಸೋ ಮೇಟಿ ಹತ್ತಿರ ಇರುತ್ತೆ.’ ಇಂಥ ಒಂದು ಮಾತು ಯಾವ ಗ್ರಂಥಾಲಯದಲ್ಲೂ ಸಿಗದು.

ಒಬ್ಬರ ಕೇಸು, ಎಲ್ಲರ ಪ್ರಶ್ನೆ

ಈ ಕೆಲಸದಲ್ಲಿ ಮನಸ್ಸಿಗೆ ಅತ್ಯಂತ ಕಷ್ಟವಾಗುವ ಜಾಗ ಇದು, ಇಲ್ಲಿ ಅವಸರ ಮಾಡಬೇಡಿ.

ಸುಧಾರಣೆಗೆ ಒಂದು ಮುಖ ಬೇಕು ಎಂದು ನಮಗೆ ಅನ್ನಿಸುತ್ತದೆ. ಒಳಚರಂಡಿಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳು ಅರ್ಜಿದಾರಳಾಗಿ ಬಂದರೆ ಇಡೀ ಪದ್ಧತಿಯನ್ನೇ ಪ್ರಶ್ನಿಸಬಹುದು ಎಂದು ನಾವು ಲೆಕ್ಕ ಹಾಕುತ್ತೇವೆ. ಅಷ್ಟರಲ್ಲಿ ಅಧಿಕಾರಿಗಳು ಆಕೆಗೆ ಪರಿಹಾರ ಕೊಡುತ್ತೇವೆ, ಅರ್ಜಿ ವಾಪಸು ತೆಗೆದುಕೊಳ್ಳಲಿ ಎನ್ನುತ್ತಾರೆ. ಆಗ ಆಕೆಯ ಮುಂದೆ ಎರಡೂ ದಾರಿಯನ್ನು ಬಣ್ಣ ಹಚ್ಚದೆ ಇಡಬೇಕು. ಆಕೆ ದುಡ್ಡು ತೆಗೆದುಕೊಂಡು ಹೋಗುತ್ತೇನೆ ಎಂದರೆ ಅದು ಆಕೆಯ ಹಕ್ಕು. ನಮ್ಮ ಮುಖ ಬಾಡಬಾರದು. ದೊಡ್ಡ ಪ್ರಶ್ನೆಗೆ ಸಂಘಟನೆಯೇ ಅರ್ಜಿದಾರ ಆಗಬಹುದು. ಮಲಹೊರುವ ಪದ್ಧತಿಯ ವಿರುದ್ಧ ಹೋರಾಡುವ ಸಫಾಯಿ ಕರ್ಮಚಾರಿ ಆಂದೋಲನ ಹಾಗೆಯೇ ಸುಪ್ರೀಂ ಕೋರ್ಟಿಗೆ ಹೋಗಿ 2014ರ ತೀರ್ಪು ಪಡೆಯಿತು. ಮೊದಲ ದಿನವೇ ಬರಹದಲ್ಲಿ ತಿಳಿಸಿ: ನಾವು ಯಾರ ವಕೀಲರು, ನಿಮ್ಮ ಕಾಗದವನ್ನು ಯಾವುದಕ್ಕೆ ಬಳಸುತ್ತೇವೆ, ಯಾವಾಗ ಬೇಕಾದರೂ ನೀವು ಬೇಡ ಎನ್ನಬಹುದು. ಓದಲು ಬಾರದವರಿಗೆ ಓದಿ ಹೇಳಿ, ಹೇಳಿದ್ದು ತಿಳಿಯಿತೇ ಎಂದು ಅವರ ಮಾತಲ್ಲೇ ಕೇಳಿಸಿಕೊಳ್ಳಿ.

ಲೈಂಗಿಕ ದೌರ್ಜನ್ಯದ ಸಂತ್ರಸ್ತರ ಗುರುತು, ಮಕ್ಕಳ ಗುರುತು ಹೊರಗೆ ಹೋಗುವುದು ಅಪರಾಧ. ಸಣ್ಣ ಊರಿನಲ್ಲಿ ಹೆಸರು ಅಳಿಸಿದರೆ ಸಾಲದು. ಊರು, ವಯಸ್ಸು, ಜಾತಿ ಮೂರು ಸೇರಿದರೆ ಎಲ್ಲರಿಗೂ ಯಾರೆಂದು ಗೊತ್ತಾಗುತ್ತದೆ.

ಯಾವ ಬಾಗಿಲು

ಎಲ್ಲಕ್ಕೂ ರಿಟ್ ಅರ್ಜಿ, ಅಂದರೆ ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ನೇರವಾಗಿ ಹಾಕುವ ಅರ್ಜಿ, ಮದ್ದಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ವಿಶಾಖಾ ತೀರ್ಪು 1997ರಲ್ಲಿ ಬಂತು. ಅದು ಕಾಯ್ದೆಯಾಗಲು 2013 ಆಗಬೇಕಾಯಿತು. 16 ವರ್ಷ. ಕೆಟ್ಟ ಸುತ್ತೋಲೆಯಾದರೆ ಇಲಾಖೆಯ ಕಾರ್ಯದರ್ಶಿಗೆ ಐದು ಪುಟದ ಮನವಿ ಕೊಟ್ಟು, ಎರಡು ಸಲ ಹೋಗಿ ಕೂತರೆ ಬದಲಾದೀತು. ಮನವಿ ಕೊಟ್ಟು ಅದು ತಿರಸ್ಕಾರವಾದ ದಾಖಲೆ ಮುಂದೆ ಹೈಕೋರ್ಟಿಗೆ ಹೋಗುವಾಗಲೂ ಬೇಕು. ಕೇಂದ್ರದ ಮಸೂದೆಗಳ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕೆಂಬ 2014ರ ಪೂರ್ವಸಮಾಲೋಚನಾ ನೀತಿ ಇದೆ. ಆ ಕಿಟಕಿ ತೆರೆದಾಗ ಕಳಿಸಲು ಟಿಪ್ಪಣಿ ಮೊದಲೇ ಸಿದ್ಧವಿರಬೇಕು. ಕಳಿಸುವಾಗ ‘ಈ ಕಲಂ ಸರಿಯಿಲ್ಲ’ ಎಂದು ನಿಲ್ಲಿಸದೆ ಬದಲಿ ವಾಕ್ಯವನ್ನು ನೀವೇ ಬರೆದುಕೊಡಿ. ಪಿಟಿಸಿಎಲ್ ಪಾಠ ನೆನಪಿರಲಿ.

ಪಿಐಎಲ್ ದಾರಿಯೇ ಸರಿ ಎಂದು ತೀರ್ಮಾನಿಸಿದರೆ, ಅರ್ಜಿದಾರರ ಹಿನ್ನೆಲೆಯನ್ನೂ ಅರ್ಜಿಯ ಸಂಗತಿಗಳ ಸತ್ಯವನ್ನೂ ಕೋರ್ಟು ಮೊದಲು ಪರೀಕ್ಷಿಸಬೇಕೆಂದು 2010ರ ಬಲವಂತ್ ಸಿಂಗ್ ಚೌಫಾಲ್ ತೀರ್ಪು ಹೇಳಿದೆ. ಇಷ್ಟು ಹೊತ್ತು ಹೇಳಿದ ಕಾಗದದ ಕೆಲಸ ಮಾಡಿದವರಿಗೆ ಈ ಪರೀಕ್ಷೆಯ ಭಯ ಇರುವುದಿಲ್ಲ.

ಆದೇಶ ಬಂದ ಮೇಲೆ

ಸನ್ಮಾನ, ಸಿಹಿ, ಪತ್ರಿಕಾಗೋಷ್ಠಿ ಎಲ್ಲ ಆಗುತ್ತದೆ. ಸ್ವಯಂಸೇವಕರು ಬೇರೆ ವಿಷಯಕ್ಕೆ ಹೊರಡುತ್ತಾರೆ. ಆದೇಶ ಕೆಳಗಿನ ಮೆಟ್ಟಿಲಿಗೆ ಇಳಿಯಿತೇ ಎಂದು ನೋಡುವವರು ಇರುವುದಿಲ್ಲ.

ಆಕ್ಷೇಪಾರ್ಹ ಸಂದೇಶವನ್ನು ಆನ್‌ಲೈನಿನಲ್ಲಿ ಕಳಿಸುವುದನ್ನು ಅಪರಾಧವೆನ್ನುತ್ತಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಪೂರ್ತಿ ರದ್ದುಪಡಿಸಿತು. ಆದರೂ ಠಾಣೆಗಳಲ್ಲಿ ಅದೇ ಕಲಮಿನಡಿ ಎಫ್‌ಐಆರ್ ಬೀಳುತ್ತಲೇ ಇದ್ದವು. 2018ರಲ್ಲಿ ಇಬ್ಬರು ವಕೀಲರು ಕೂತು ದಾಖಲೆ ಹುಡುಕಿ, ಸತ್ತ ಕಲಂ ಇನ್ನೂ ಓಡಾಡುತ್ತಿದೆ ಎಂದು ಸಂಶೋಧನಾ ಬರಹದಲ್ಲಿ ತೋರಿಸಿದರು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಅದನ್ನು ಕೋರ್ಟಿನ ಗಮನಕ್ಕೆ ತಂದಿತು. ತೀರ್ಪಿನ ಪ್ರತಿಯನ್ನು ಎಲ್ಲ ಹೈಕೋರ್ಟುಗಳಿಗೂ ಮುಖ್ಯ ಕಾರ್ಯದರ್ಶಿಗಳಿಗೂ ಕಳಿಸಬೇಕೆಂದು 2019ರಲ್ಲಿ ನಿರ್ದೇಶನ ಬಂತು. ಈ ಕಲಮಿನಡಿ ಯಾರನ್ನೂ ವಿಚಾರಣೆಗೆ ಒಳಪಡಿಸಬಾರದೆಂದು 2022ರಲ್ಲಿ ಮತ್ತೆ ಹೇಳಬೇಕಾಯಿತು. ಏಳು ವರ್ಷ ಹಿಂದೆ ರದ್ದಾದ ಕಲಮಿಗೆ!

ಹಾಗಾಗಿ ಆದೇಶದ ದಿನವೇ ಡೈರಿಯಲ್ಲಿ ಮೂರು ದಿನಾಂಕ ಬರೆಯಿರಿ: ಕೋರ್ಟು ಕೊಟ್ಟ ಗಡುವು ಮುಗಿಯುವ ದಿನ, ಅದಾಗಿ ಆರು ತಿಂಗಳು, ಅದಾಗಿ ಒಂದು ವರ್ಷ. ಒಳಚರಂಡಿ ಸಾವಿಗೆ 2014ರಲ್ಲಿ ನಿಗದಿಯಾದ ಪರಿಹಾರ 10 ಲಕ್ಷ ರೂಪಾಯಿ. 2023ರ ಅಕ್ಟೋಬರ್ 20ರ ಬಲರಾಮ್ ಸಿಂಗ್ ತೀರ್ಪು ಅದನ್ನು 30 ಲಕ್ಷಕ್ಕೆ ಏರಿಸಿತು. ನಿಮ್ಮ ಜಿಲ್ಲೆಗೆ ಹಾಕಬೇಕಾದ ಆರ್‌ಟಿಐ ಅರ್ಜಿ 150 ಪದಕ್ಕಿಂತ ಬಹಳ ಕಡಿಮೆಯಲ್ಲೇ ಮುಗಿಯುತ್ತದೆ: ‘2023ರ ಅಕ್ಟೋಬರ್ 20ರ ನಂತರ ಒಳಚರಂಡಿ ಅಥವಾ ಮಲಗುಂಡಿಯಲ್ಲಿ ಸಂಭವಿಸಿದ ಸಾವುಗಳ ಸಂಖ್ಯೆ, ಪ್ರತಿ ಪ್ರಕರಣದಲ್ಲಿ ಪಾವತಿಸಿದ ಪರಿಹಾರದ ಮೊತ್ತ, ಪಾವತಿಸಿದ ದಿನಾಂಕ, ಮಂಜೂರಾತಿ ಆದೇಶದ ನಕಲು.’ ಇದನ್ನು ಈ ವಾರವೇ ಜಿಲ್ಲಾಧಿಕಾರಿ ಕಚೇರಿಯ ಮಾಹಿತಿ ಅಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, 31ನೇ ದಿನವನ್ನು ಡೈರಿಯಲ್ಲಿ ಗುರುತು ಹಾಕಿಕೊಳ್ಳಿ.